ಹಾಲು ಒಡೆದು ಹೋಯ್ತೇನಪ್ಪ?

ಭಾನುವಾರದಿಂದ ಒಂದೇ ಮಾತು ತಲೆಯೊಳಗೆ ಸುತ್ತುತ್ತಿದೆ. "ಹಾಲು ಒಡೆದು ಹೋಯ್ತೇನಪ್ಪ?"

ಕೇಳಿದ್ದು ಮಾವ, ಅಮ್ಮನ ಅಣ್ಣ. ಜೋರಾಗಿ ಕೇಳಲಿಲ್ಲ. ಒಳಗಿರುವ ಹೆಂಗಸರಿಗೆ ಕೇಳಿಸಬಾರದು ಅನ್ನುವ ಹಾಗೆ, ನನ್ನ ಕಡೆ ಸ್ವಲ್ಪ ಬಾಗಿ ಕೇಳಿದರು. ಕೈಯಲ್ಲಿ ನಾನು ಕೊಟ್ಟ ಕಾಫಿ ಲೋಟ. ಅದರಲ್ಲಿ ಒಂದೇ ಒಂದು ಗುಟುಕು ಇಳಿದಿತ್ತು.

ಅವತ್ತು ಬಟವಾಡಿ ಕಡೆಯ ಒಂದು ಛತ್ರದಲ್ಲಿ ಮದುವೆ. ಮಾವ ತಿಪಟೂರಿನ ಪಕ್ಕದ ಹಳ್ಳಿಯಿಂದ ಬೆಳಗಿನ ರೈಲು ಹತ್ತಿ, ತುಮಕೂರಲ್ಲಿ ಇಳಿದು ಮೊದಲು ನಮ್ಮ ಮನೆಗೆ ಬಂದರು. ಕೈಯಲ್ಲಿ ಚೀಲ, ಚೀಲದಲ್ಲಿ ಹತ್ತು ತೆಂಗಿನಕಾಯಿ. (ಆ ಕಡೆಯವರು ಬರಿಗೈಯಲ್ಲಿ ಬಂದದ್ದನ್ನು ನಾನಂತೂ ನೋಡಿಲ್ಲ.) ಅಮ್ಮ ಸ್ನಾನಕ್ಕೆ ಹೋಗಿದ್ದಳು. ಹೆಂಡತಿ ಸೀರೆ ಇಸ್ತ್ರಿ ಮಾಡುತ್ತಿದ್ದಳು. "ಕೂತ್ಕೊಳ್ಳಿ ಮಾವ, ಕಾಫಿ ನಾನೇ ಮಾಡ್ತೀನಿ" ಅಂದೆ. ಆ ಉತ್ಸಾಹದಿಂದಲೇ ಇಷ್ಟೆಲ್ಲ ಆಗಿದ್ದು.

ಮೂರು ತಿಂಗಳಿಂದ ನನಗೆ ಫ್ರೆಂಚ್ ಪ್ರೆಸ್ ಹುಚ್ಚು. ಹಚ್ಚಿದವನು ಬೆಂಗಳೂರಿನ ನಮ್ಮ ಆಫೀಸಿನ ಒಬ್ಬ ಹುಡುಗ. ಕಾಫಿ ಮಾತು ಬಂದರೆ ಸಾಕು, ಹರಿಕಥೆ ದಾಸರ ಹಾಗೆ ಶುರುಮಾಡುತ್ತಾನೆ. ಬ್ಯಾಗಿನಲ್ಲಿ ಅಕ್ಕಸಾಲಿಗರ ತಕ್ಕಡಿಯಂಥ ಪುಟ್ಟ ತೂಕದ ಯಂತ್ರ ಇಟ್ಟುಕೊಂಡು ಓಡಾಡುವವನು. ಒಳ್ಳೆಯ ಹುಡುಗನೇ. ಆದರೆ ಕಾಫಿಗೆ ಹಾಲು ಹಾಕಿಕೊಳ್ಳುವವರನ್ನು ಕಂಡರೆ ಅವನ ಮುಖದ ಮೇಲೆ ಒಂದು ಥರದ ಕನಿಕರ ಮೂಡುತ್ತದೆ. ಅಯ್ಯೋ ಪಾಪ, ಇವರಿಗೆ ಇನ್ನೂ ಗೊತ್ತಾಗಿಲ್ಲ ಅನ್ನುವ ಹಾಗೆ. ಆ ಕನಿಕರ ನನಗೂ ಅಂಟಿತ್ತು ಅಂತ ಈಗ ಅನಿಸುತ್ತದೆ.

ಸಾಮಾನು ಸರಳವಾಗಿದೆ. ಒಂದು ಗಾಜಿನ ಜಾಡಿ, ಅದಕ್ಕೊಂದು ಮುಚ್ಚಳ, ಮುಚ್ಚಳದ ನಡುವೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಉಕ್ಕಿನ ಜಾಲರಿ. ಅಮ್ಮ ಮೊದಲ ದಿನವೇ ಅದನ್ನು ನೋಡಿ "ಇದೇನೋ ಸೀಮೆಎಣ್ಣೆ ಸ್ಟವ್ ಥರ ಇದೆ, ಪಂಪ್ ಹೊಡೀಬೇಕಾ?" ಅಂದಿದ್ದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಪಂಪು. ಫ್ರೆಂಚ್ ಅನ್ನುವುದು ಅರ್ಧ ನಿಜ ಅಷ್ಟೆ. 1852ರಲ್ಲಿ ಫ್ರಾನ್ಸಿನ ಇಬ್ಬರು ಇಂಥದ್ದೇ ಒಂದಕ್ಕೆ ಪೇಟೆಂಟ್ ಮಾಡಿಸಿದ್ದರಂತೆ. ಆದರೆ ಈಗ ನಾವು ಬಳಸುವಂಥದ್ದಕ್ಕೆ 1929ರಲ್ಲಿ ಪೇಟೆಂಟ್ ತೆಗೆದುಕೊಂಡವರು ಮಿಲಾನ್ ಊರಿನ ಇಟಲಿಯವರು, ಕಲಿಮಾನಿ ಮತ್ತು ಮೊನೆಟಾ ಅಂತ. ಇದನ್ನೂ ಆ ಹುಡುಗನೇ ಹೇಳಿದ್ದು. ಅಮ್ಮನ ಹತ್ತಿರ ಹೇಳಿದೆ. "ಯಾರದಾದ್ರೂ ಆಗ್ಲಿ, ತೊಳೆಯೋಳು ನಾನೇ ತಾನೆ" ಅಂದಳು.

ಮೊದಲ ದಿನ ಅಮ್ಮನ ಡಬ್ಬಿಯ ಪುಡಿಯನ್ನೇ ಹಾಕಿದ್ದೆ. ಚಿಕೋರಿ ಸೇರಿದ, ನುಣ್ಣಗೆ ಬೀಸಿದ ಪುಡಿ. ಕಡ್ಡಿ ಕೆಳಗೆ ಇಳಿಯಲೇ ಇಲ್ಲ. ಹಟಕ್ಕೆ ಬಿದ್ದು ಒತ್ತಿದೆ. ಪಕ್ಕದಿಂದ ಬುಸ್ಸೆಂದು ಚಿಮ್ಮಿ ಬನಿಯನ್ನು, ಗೋಡೆ, ಕ್ಯಾಲೆಂಡರ್ ಎಲ್ಲ ಕಂದು. ಕುಡಿದರೆ ಬಾಯ್ತುಂಬ ಕೆಸರು. ಫಿಲ್ಟರಿನಲ್ಲಿ ನೀರು ಪುಡಿಯ ಮಧ್ಯೆ ನುಸುಳಿ ತೊಟ್ಟು ತೊಟ್ಟಾಗಿ ಇಳಿಯಬೇಕು, ಅದಕ್ಕೆ ನುಣ್ಣಗಿನ ಪುಡಿಯೇ ಸರಿ. ಇಲ್ಲಿ ಪುಡಿ ನೀರಲ್ಲಿ ಪೂರ್ತಿ ಮುಳುಗಿ ನೆನೆಯುತ್ತದೆ. ನುಣ್ಣಗಿದ್ದರೆ ಕಹಿಯೆಲ್ಲ ಬಿಟ್ಟುಕೊಳ್ಳುತ್ತದೆ, ಮೇಲಾಗಿ ಜಾಲರಿಯಿಂದಲೂ ಜಾರುತ್ತದೆ. ಇನ್ನು ಚಿಕೋರಿ ಕಾಫಿಯೇ ಅಲ್ಲ, ಹುರಿದ ಬೇರು. ಅದರಲ್ಲಿ ಕೆಫೀನ್ ಇಲ್ಲ, ಬಣ್ಣ ಮತ್ತು ಗಟ್ಟಿತನ ಇದೆ. ಹಾಲಿನ ಜೊತೆ ಅದು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಹಾಲಿಲ್ಲದೆ ಕುಡಿದರೆ ಕಷಾಯ.

ಆಮೇಲೆ ಪುಡಿ ಅಂಗಡಿಗೆ ಹೋಗಿ ಚಿಕೋರಿ ಬೇಡ, ದಪ್ಪಗೆ ಬೀಸಿಕೊಡಿ ಅಂದೆ. ಅಂಗಡಿಯವರು ಮಿಷನ್ ನಿಲ್ಲಿಸಿ ನನ್ನನ್ನೇ ನೋಡಿದರು. "ದಪ್ಪ ಅಂದ್ರೆ? ಇಡ್ಲಿ ರವೆ ಥರಾನಾ?" ಅಂದರು. ಹೌದು ಅಂದೆ. ಆ ಹುಡುಗ ಮೂರು ವಾರ ಮೈಕ್ರಾನ್ ಲೆಕ್ಕದಲ್ಲಿ ವಿವರಿಸಿದ್ದನ್ನು ಇವರು ಎರಡು ಪದದಲ್ಲಿ ಮುಗಿಸಿದರು.

ಈಗ ಲೆಕ್ಕ ಕೈಗೆ ಬಂದಿದೆ. 30 ಗ್ರಾಂ ಪುಡಿಗೆ 450 ಮಿಲಿ ನೀರು. ನೀರು ಕುದ್ದ ಮೇಲೆ ಇಳಿಸಿ ಅರ್ಧ ನಿಮಿಷ ಬಿಡಬೇಕು. ಸುರಿದಾಗ ಪುಡಿ ಉಬ್ಬಿ ನೊರೆ ಏಳುತ್ತದೆ. ಹೊಸದಾಗಿ ಹುರಿದ ಬೀಜದೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವ ಹೊತ್ತು ಅದು. ಹಳೇ ಪುಡಿ ಸುಮ್ನೆ ಬಿದ್ದಿರುತ್ತದೆ, ಉಬ್ಬುವುದಿಲ್ಲ. ನಾಲ್ಕು ನಿಮಿಷ ಕಾದು, ಮೇಲಿನ ಕೆನೆಯನ್ನು ಚಮಚದಲ್ಲಿ ಕದಡಿ, ಕಡ್ಡಿಯನ್ನು ನಿಧಾನಕ್ಕೆ ಒತ್ತಬೇಕು. ಜಾಲರಿ ಎಷ್ಟೇ ಚೆನ್ನಾಗಿರಲಿ, ತಳದಲ್ಲಿ ಸ್ವಲ್ಪ ಗಸಿ ಉಳಿಯುತ್ತದೆ. ಹಾಗಾಗಿ ಕೊನೆಯ ಗುಟುಕನ್ನು ಲೋಟದಲ್ಲೇ ಬಿಡಬೇಕು. ಈ ಕೊನೆಯ ಮಾತು ಮುಖ್ಯ, ಮುಂದೆ ಬರುತ್ತದೆ.

ಇನ್ನೊಂದು ವಿಷಯವನ್ನು ನನ್ನ ಹೆಂಡತಿ ಎಲ್ಲೋ ಓದಿ ಪತ್ತೆ ಮಾಡಿದ್ದಾಳೆ. ಈ ಕಾಫಿಯಲ್ಲಿ ಬೀಜದ ಎಣ್ಣೆ ಹಾಗೇ ಉಳಿಯುತ್ತದೆ. ಅದರಲ್ಲಿರುವ ಕ್ಯಾಫೆಸ್ಟಾಲ್ ಅನ್ನುವ ಅಂಶ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಕಾಗದದ ಫಿಲ್ಟರಾದರೆ ಅದನ್ನು ಹಿಡಿದುಕೊಳ್ಳುತ್ತದೆ, ಉಕ್ಕಿನ ಜಾಲರಿ ಬಿಟ್ಟುಬಿಡುತ್ತದೆ. ನನ್ನ ರಿಪೋರ್ಟ್ ಮೊದಲೇ ಅಂಚಿನಲ್ಲಿದೆ. ಹಾಗಾಗಿ ದಿನಕ್ಕೊಂದೇ ಲೋಟ ಅಂತ ಮನೆಯಲ್ಲಿ ಕಾನೂನಾಗಿದೆ. ರೈಲ್ವೆ ಸ್ಟೇಷನ್ ಮುಂದೆ ತಿನ್ನುವ ವಡೆಗೆ ಯಾವ ಕಾನೂನೂ ಇಲ್ಲ, ಅದು ಅವಳಿಗೆ ಗೊತ್ತೂ ಇಲ್ಲ.

ಇರಲಿ, ಭಾನುವಾರಕ್ಕೆ ಬರುತ್ತೇನೆ.

ಮಾವನಿಗೆ ತೋರಿಸಬೇಕು ಅಂತಲೇ ಜಾಡಿಯನ್ನು ಹಾಲ್‌ಗೆ ತಂದು ಟೀಪಾಯಿ ಮೇಲಿಟ್ಟೆ. ಮೊಬೈಲಿನಲ್ಲಿ ನಾಲ್ಕು ನಿಮಿಷ ಹಚ್ಚಿದೆ. "ಇದು ಫ್ರೆಂಚ್ ಪ್ರೆಸ್ ಮಾವ" ಅಂದೆ. "ಪ್ರೆಸ್ಸಾ? ಲಗ್ನಪತ್ರಿಕೆ ಹೊಡೆಸೋ ಪ್ರೆಸ್ಸಾ?" ಅಂದರು. ನಕ್ಕೆ. ಅವರು ನಗಲಿಲ್ಲ, ನಿಜವಾಗಿಯೇ ಕೇಳಿದ್ದರು.

ಕಾಯುವಾಗ ಮಾತು ನೀರಿನ ಕಡೆ ಹೋಯಿತು. ನಮ್ಮ ಜಿಲ್ಲೆಯಲ್ಲಿ ಇಬ್ಬರು ನಾಲ್ಕು ನಿಮಿಷ ಸುಮ್ನೆ ಕೂತರೆ ಮಾತು ಹೇಮಾವತಿಗೇ ಹೋಗುತ್ತದೆ. ನಲ್ಲಿಯಲ್ಲಿ ನೀರು ಬರ್ತಿದ್ಯಾ, ನಾಲೆ ಬಿಟ್ರಾ, ಲಿಂಕ್ ಕೆನಾಲ್ ಗಲಾಟೆ ಎಲ್ಲಿಗೆ ಬಂತು. ಬುಗುಡನಹಳ್ಳಿ ಕೆರೆಯಿಂದ ನಮಗೆ ಬರುವ ನೀರು ಹೇಮಾವತಿಯದೇ. ಆ ಹೊಳೆ ಹುಟ್ಟುವುದು ಮೂಡಿಗೆರೆ ಸೀಮೆಯಲ್ಲಿ. ನನ್ನ ಕಾಫಿ ಬೀಜ ಬರುವುದೂ ಚಿಕ್ಕಮಗಳೂರು ಕಡೆಯ ತೋಟದಿಂದ. ಒಂದೇ ಬೆಟ್ಟಸಾಲಿನಿಂದ ನೀರು ನಾಲೆಯಲ್ಲಿ, ಬೀಜ ಕೊರಿಯರಿನಲ್ಲಿ ಬಂದು ನಮ್ಮ ಟೀಪಾಯಿ ಮೇಲೆ ಸೇರಿವೆ. ಇದನ್ನು ಮಾವನಿಗೆ ಬಹಳ ಹೆಮ್ಮೆಯಿಂದ ಹೇಳಿದೆ. ಅವರು ತಲೆ ಆಡಿಸುತ್ತಾ ಅಡುಗೆಮನೆ ಬಾಗಿಲನ್ನೇ ನೋಡುತ್ತಿದ್ದರು. ಹಾಲು ಬರಲಿ ಅಂತ ಕಾಯುತ್ತಿದ್ದರು ಅಂತ ಆಗ ನನಗೆ ಹೊಳೆಯಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಖಾಲಿ ಹೊಟ್ಟೆಯಲ್ಲಿ ರೈಲು ಹತ್ತಿದ ಮನುಷ್ಯ.

ಮೊಬೈಲು ಕೂಗಿತು. ಒತ್ತಿದೆ. ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಸಕ್ಕರೆಯನ್ನೂ ಹಾಕಿರಲಿಲ್ಲ, ರುಚಿ ಗೊತ್ತಾಗಲಿ ಅಂತ.

ಒಂದು ಗುಟುಕು ಕುಡಿದರು. ನಿಲ್ಲಿಸಿದರು. ಬಾಗಿದರು. "ಹಾಲು ಒಡೆದು ಹೋಯ್ತೇನಪ್ಪ?"

"ಇಲ್ಲ ಮಾವ, ಇದನ್ನ ಹಿಂಗೇ ಕುಡಿಯೋದು."

"ಓ... ಹಂಗಾ" ಅಂದರು. ಆಮೇಲೆ ಏನೂ ಹೇಳಲಿಲ್ಲ. ಔಷಧಿ ಕುಡಿಯುವ ಹಾಗೆ ಒಂದೇ ಸಮ ಕುಡಿದರು. ಕೊನೆಯ ಗುಟುಕನ್ನು ಬಿಡಿ ಅಂತ ಹೇಳುವಷ್ಟರಲ್ಲಿ ಲೋಟ ಖಾಲಿ. ಗಸಿ ಸಮೇತ. ಹಲ್ಲಿನ ಮೇಲೆ ಕಪ್ಪು ಪುಡಿ ಅಂಟಿಕೊಂಡಿತ್ತು. "ಚೆನ್ನಾಗಿತ್ತು ಕಣಪ್ಪ" ಅಂದರು.

ಅಮ್ಮ ಸ್ನಾನ ಮುಗಿಸಿ ಬಂದವಳು ಖಾಲಿ ಲೋಟ ನೋಡಿದಳು, ಅಣ್ಣನ ಹಲ್ಲು ನೋಡಿದಳು, ನನ್ನನ್ನು ನೋಡಿದಳು. ಅವಳು ಬೈದದ್ದನ್ನು ಬರೆಯುವುದಿಲ್ಲ. ಫಿಲ್ಟರಿನಲ್ಲಿ ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್ ಇತ್ತು, ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ನಂದಿನಿ ಇತ್ತು. ಇನ್ನೊಂದು ಕಾಫಿ ಮಾಡಿ ತಂದಳು. ಮಾವ ಬೇಡ ಅಂದರು. "ಈಗ ತಾನೆ ಕುಡಿದೆ, ಸಾಕು" ಅಂದರು. ಎಷ್ಟು ಬಲವಂತ ಮಾಡಿದರೂ ಮುಟ್ಟಲಿಲ್ಲ. ಕಡಿಮೆ ಇರುವ ಮನೆಯಲ್ಲಿ ಎರಡನೇ ಸಲ ತೆಗೆದುಕೊಳ್ಳಬಾರದು ಅನ್ನುವ ಹಾಗಿತ್ತು ಅದು.

ಆ ರಾತ್ರಿ ಅತ್ತೆಯ ಫೋನು ಬಂತು. ಅಮ್ಮನಿಗೆ. ಮದುವೆ, ಊಟ, ಪಾಯಸ ಎಲ್ಲ ಮಾತಾಡಿ ಆದ ಮೇಲೆ ದನಿ ತಗ್ಗಿಸಿ, "ಮಗನ ಕೆಲಸ ಎಲ್ಲಾ ಸರಿಯಾಗಿದ್ಯಾ? ಸಂಬಳ ಆಗ್ತಿದ್ಯಾ?" ಅಂತ ಕೇಳಿದರಂತೆ. ಅಮ್ಮ ಫೋನಿಟ್ಟು ಜೋರಾಗಿ ನಕ್ಕಳು. ಹೆಂಡತಿಯೂ ನಕ್ಕಳು. ನಾನೂ ನಕ್ಕೆ, ಸ್ವಲ್ಪ ಕಡಿಮೆ.

ನಗು ಮುಗಿದ ಮೇಲೆ ಅಮ್ಮ ಒಂದು ವಿಷಯ ಹೇಳಿದಳು. ನನಗೆ ಇದುವರೆಗೂ ಗೊತ್ತಿರಲಿಲ್ಲ.

ಅವಳು ಚಿಕ್ಕವಳಿದ್ದಾಗ ಮನೆಯಲ್ಲಿ ಎರಡು ಹಸು ಇದ್ದವು. ಹಾಲೆಲ್ಲ ತಿಪಟೂರಿನ ಹೋಟೆಲಿಗೆ ವರ್ತನೆ. ಮನೆಯವರಿಗೆ ಬೆಲ್ಲ ಹಾಕಿದ ಕರಿ ಕಾಫಿ. ನೆಂಟರಿಗೆ ಅಂತ ಅಜ್ಜಿ ಒಂದು ಪಾವು ಎತ್ತಿಡುತ್ತಿದ್ದಳು. ಬೇಸಿಗೆಯಲ್ಲಿ ಹಸುಗಳು ಬತ್ತಿದರೆ ಅದೂ ಇಲ್ಲ. ಅಂಥ ಹೊತ್ತಲ್ಲಿ ಯಾರಾದರೂ ಬಂದರೆ ಹನ್ನೆರಡು ವರ್ಷದ ಮಾವ ಕರಿ ಕಾಫಿ ಹಿಡಿದು ಜಗುಲಿಗೆ ಬರಬೇಕು, ಬಂದು ಹೇಳಬೇಕು: "ಹಾಲು ಒಡೆದೋಯ್ತಂತೆ." ಅಜ್ಜಿ ಹೇಳಿಕೊಟ್ಟ ಮಾತು. ಒಬ್ಬ ನೆಂಟರು ಒಂದೇ ತಿಂಗಳಲ್ಲಿ ಎರಡು ಸಲ ಬಂದು ಎರಡು ಸಲವೂ ಮಾವನ ಬಾಯಿಂದ ಅದೇ ಮಾತು ಕೇಳಿಸಿಕೊಂಡರಂತೆ. "ಏನೋ, ನಿಮ್ಮ ಹಸು ಒಡೆದ ಹಾಲನ್ನೇ ಕರೆಯುತ್ತಾ?" ಅಂತ ಜಗುಲಿಯಲ್ಲಿದ್ದವರೆದುರಿಗೇ ನಕ್ಕರಂತೆ. ಮಾವ ಆಮೇಲೆ ಸಂಜೆವರೆಗೂ ತೋಟದಿಂದ ಮನೆಗೆ ಬರಲಿಲ್ಲವಂತೆ. ಆ ನೆಂಟರು ಯಾರು ಅಂತ ಅಮ್ಮ ಹೇಳಿದಳು. ಫೋಟೋದಲ್ಲಿ ನೋಡಿದ್ದೇನೆ. ಇನ್ನು ಮೇಲೆ ಆ ಫೋಟೋ ನೋಡುವ ಮನಸ್ಸಿಲ್ಲ.

ಹಾಗಾದರೆ ಭಾನುವಾರ ಮಾವ ನನ್ನನ್ನು ಪ್ರಶ್ನೆ ಕೇಳಿದ್ದೇ ಅಲ್ಲ. ಉತ್ತರ ಕೊಟ್ಟಿದ್ದು. ನನಗೆ ಹೇಳಿಕೊಳ್ಳಲು ಬಾಯಿ ಬರದಿದ್ದರೆ ಇರಲಿ ಅಂತ, ತಾವು ಹನ್ನೆರಡನೇ ವಯಸ್ಸಿನಿಂದ ಜೇಬಲ್ಲಿಟ್ಟುಕೊಂಡಿದ್ದ ನೆಪವನ್ನು ನನ್ನ ಕೈಗೆ ಜಾರಿಸಿದ್ದು. ಅದೂ ಒಳಗಿರುವವರಿಗೆ ಕೇಳಿಸದ ಹಾಗೆ. ನಾನು ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲ, ಇದನ್ನ ಹಿಂಗೇ ಕುಡಿಯೋದು ಅಂದೆ. ಅವರ ಕಿವಿಗೆ ಅದು ಹೇಗೆ ಕೇಳಿಸಿರಬಹುದು? ಇವನು ಅಭ್ಯಾಸವೇ ಮಾಡಿಕೊಂಡುಬಿಟ್ಟಿದ್ದಾನೆ ಅಂತ ಅಲ್ವಾ?

250 ಗ್ರಾಂ ಬೀಜಕ್ಕೆ 500 ರೂಪಾಯಿಗಿಂತ ಜಾಸ್ತಿ ಕೊಡುತ್ತೇನೆ. ಕಿತ್ತಳೆಯ ಹುಳಿ ಸಿಗುತ್ತೆ, ಚಾಕೊಲೇಟಿನ ಕಹಿ ಸಿಗುತ್ತೆ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಸಿಗುತ್ತದೆ, ಸುಳ್ಳಲ್ಲ. ಮಾವನಿಗೆ ಆ ಗುಟುಕಿನಲ್ಲಿ ಬತ್ತಿದ ಕೆಚ್ಚಲು ಸಿಕ್ಕಿತು. ಅದನ್ನು ಯಾವ ಪ್ಯಾಕೆಟ್ ಮೇಲೂ ಬರೆದಿರುವುದಿಲ್ಲ. ಆಫೀಸಿನ ಹುಡುಗನಿಗೆ ಸೋಮವಾರ ಇದೆಲ್ಲ ಹೇಳಿದೆ. "ಅವರಿಗೆ ಲೈಟ್ ರೋಸ್ಟ್ ಕೊಟ್ಟು ನೋಡಿ ಸರ್" ಅಂದ.

ಮಾವನಿಗೆ ಫೋನ್ ಮಾಡಿ ಬಿಡಿಸಿ ಹೇಳಬೇಕು ಅಂತ ಮೂರು ದಿನ ಅಂದುಕೊಂಡೆ. ಏನಂತ ಹೇಳುವುದು? ನಮಗೆ ಕಷ್ಟ ಇಲ್ಲ ಮಾವ, ಇದು ಶೋಕಿ ಅಂತಲೇ? ಹಾಗಂದರೆ ಅವರಿಗೆ ಇನ್ನೊಂದು ಥರ ನೋವಾಗುತ್ತದೇನೋ. ಫೋನ್ ಮಾಡಲಿಲ್ಲ.

ಇವತ್ತು ಬೆಳಿಗ್ಗೆ ಏಳೂವರೆಗೆ ಗೇಟು ಸದ್ದಾಯಿತು. ನೋಡಿದರೆ ಕಾಲೇಜಿನ ಹುಡುಗ, ಹೆಗಲಲ್ಲಿ ಬ್ಯಾಗು. ಮಾವನ ಊರಿನವನು, ದಿನಾ ರೈಲಲ್ಲಿ ತುಮಕೂರಿಗೆ ಓದಲು ಬರುತ್ತಾನಂತೆ. ಬ್ಯಾಗಿನಿಂದ ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ ತೆಗೆದು ಕೊಟ್ಟ. ಒದ್ದೆ ಬಟ್ಟೆ ಸುತ್ತಿತ್ತು. ಒಳಗೆ ಹಾಲು. ಮುಚ್ಚಳದ ಹತ್ತಿರ ಬೆಣ್ಣೆಯ ಸಣ್ಣ ಸಣ್ಣ ಉಂಡೆಗಳು ಕಟ್ಟಿದ್ದವು, ರೈಲಿನ ಕುಲುಕಾಟಕ್ಕೆ. "ಅಜ್ಜಿ ರಾತ್ರಿನೇ ಕಾಯಿಸಿ ಆರಿಸಿ ತುಂಬಿದ್ದಾರೆ. ಬಾಟಲಿ ಇಟ್ಕೊಂಡಿರಿ, ಸೋಮವಾರ ಮತ್ತೆ ತರ್ತೀನಿ" ಅಂದ.

ಅಮ್ಮ ಏನೂ ಹೇಳದೆ ಹಾಲು ಒಲೆಗಿಟ್ಟಳು. ಪಂಪು ಪಾತ್ರೆಗಳ ನಡುವೆ ಬೋರಲಾಗಿತ್ತು. ನಾನು ಮಾವನಿಗೆ ಫೋನ್ ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದರು.

"ಮಾವ, ಹಾಲು ಬಂತು."

"ಬಂತಾ," ಅಂದರು. ಒಂದು ಕ್ಷಣ ಸುಮ್ಮನಿದ್ದು, ಅದೇ ಮೆಲ್ಲಗಿನ ದನಿಯಲ್ಲಿ, "ಒಡೆದಿಲ್ಲ ತಾನೆ?"