ಏಳನೇ ಲಿಂಕ್

ಮಾರ್ಚ್ 9, 2025, ಭಾನುವಾರ ರಾತ್ರಿ

ಹತ್ತೂವರೆ ಆಯ್ತು, ಇವತ್ತಿನ ವಿಜ್ಞಾನ ಸುದ್ದಿಯ ಲಿಂಕುಗಳನ್ನು ಇನ್ನೂ ಯಾರಿಗೂ ಕಳಿಸಿಲ್ಲ. ಆರಿಸಿಟ್ಟದ್ದೇನೋ ಇದೆ. ಗುರುವಾರ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದ ಅಥೀನಾ ನೌಕೆ ಅಡ್ಡ ಬಿದ್ದು, ಸಾಕಷ್ಟು ಬಿಸಿಲು ಸಿಗದೆ ಮರುದಿನವೇ ಸುಮ್ಮನಾದದ್ದು. ಅದಕ್ಕೆ ನಾಲ್ಕು ದಿನ ಮೊದಲು ಬ್ಲೂ ಗೋಸ್ಟ್ ಎಂಬ ಇನ್ನೊಂದು ನೌಕೆ ನೆಟ್ಟಗೆ ಇಳಿದು ನಿಂತದ್ದು. 14ರ ಗ್ರಹಣವನ್ನು ಅದು ಚಂದ್ರನ ಮೇಲಿಂದಲೇ ನೋಡಲಿದೆ. ಸ್ಟಾರ್‌ಶಿಪ್ ರಾಕೆಟ್ಟಿನ ಎಂಟನೇ ಹಾರಾಟ ಕೈಕೊಟ್ಟದ್ದು. ಒಳ್ಳೆಯ ವಾರ, ಬರೆಯೋದಕ್ಕೆ ಬೇಕಾದಷ್ಟಿದೆ. ಆದರೆ ಸಂಜೆಯಿಂದ ಪುಟ್ಟಿಯ ಮಾತೇ ತಲೆಯಲ್ಲಿ ಕೂತಿದೆ.

ಅಕ್ಕ ಬಂದಿದ್ದಳು. ಅವಳೂ ಅಮ್ಮನೂ ಒಳಗೆ ಮಾತಾಡ್ತಿದ್ದಾಗ ಪುಟ್ಟಿ ನನ್ನ ಮೇಜಿನ ಪಕ್ಕ ಬಂದು ನಿಂತಳು.

"ಮಾಮಾ, 2032ಕ್ಕೆ ನಂಗೆ ಹದಿನೆಂಟಾಗತ್ತೆ."

"ಹೌದಲ್ವಾ! ಆಗ ಕಾಲೇಜಲ್ಲಿರ್ತೀಯ."

"ಡಿಸೆಂಬರ್ 22ರ ತನಕ ತಾನೇ?"

ನನಗೆ ತಕ್ಷಣ ಹೊಳೆಯಲಿಲ್ಲ. ಅವಳು ನನ್ನ ಮುಖ ನೋಡಲಿಲ್ಲ, ಮೇಜಿನ ಅಂಚನ್ನು ಉಗುರಿಂದ ಕೆರೆಯುತ್ತಾ ನಿಂತಿದ್ದಳು. ಆಮೇಲೆ ಅರ್ಥವಾಯ್ತು. ಆ ಕಲ್ಲು. 2032ರ ಡಿಸೆಂಬರ್ 22ಕ್ಕೆ ಭೂಮಿಗೆ ಬಡಿಯಬಹುದು ಅಂದಿದ್ದ ಕ್ಷುದ್ರಗ್ರಹ, 2024 ವೈಆರ್4. ನಾನು ಕಳಿಸೋದನ್ನು ಅವಳು ತನ್ನ ಅಮ್ಮನ ಫೋನಿನಲ್ಲಿ ಓದ್ತಾಳೆ ಅಂತ ಗೊತ್ತಿತ್ತು, ಖುಷಿಯೂ ಇತ್ತು. ಹದಿನೆಂಟು ದಿನದಿಂದ ಈ ಮಗು ಅದೊಂದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡ್ತಿದೆ ಅಂತ ಗೊತ್ತಿರಲಿಲ್ಲ.

"ಅದು ಬೀಳಲ್ಲ ಪುಟ್ಟಿ. ಲೆಕ್ಕ ಬದಲಾಯ್ತು."

"ನೀವೇ ಕಳ್ಸಿದ್ರಲ್ಲ, ಜಾಸ್ತಿ ಆಗಿದೆ ಅಂತ. ಮೊದ್ಲು ಒಂದು ಅಂದ್ರಿ, ಆಮೇಲೆ ಮೂರು ಅಂದ್ರಿ."

ಸರಿಯಾದ ಪ್ರಶ್ನೆ. ಅದು ಭೂಮಿಗೆ ಬಡಿಯುವ ಸಾಧ್ಯತೆ ಜನವರಿ ಕೊನೆಗೆ ಶೇ 1 ದಾಟಿತ್ತು, ಫೆಬ್ರವರಿ 18ಕ್ಕೆ ಶೇ 3.1. ಏರುತ್ತಲೇ ಹೋದದ್ದು ಒಂದೇ ವಾರದಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯಿತು ಅಂದರೆ ಯಾರಾದರೂ ಯಾಕೆ ನಂಬಬೇಕು? ದೀಪ ಆರಿಸಿದೆ. ಅವಳ ರಬ್ಬರನ್ನು ನೆಲದ ಮೇಲಿಟ್ಟು, ಟಾರ್ಚನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದೆ. ನೆಲದ ಮೇಲೆ ಅಗಲವಾದ ಬೆಳಕಿನ ಬಟ್ಟಲು, ಒಂದು ಬದಿಗೆ ಪುಟ್ಟ ರಬ್ಬರು.

"ರಬ್ಬರು ಭೂಮಿ. ಆ ಕಲ್ಲು ಈ ಬೆಳಕಿನೊಳಗೆ ಎಲ್ಲಿ ಬೇಕಾದ್ರೂ ಹಾದುಹೋಗಬಹುದು. ಅಷ್ಟೇ ನಮಗೆ ಗೊತ್ತಿರೋದು. ಈಗ ಇನ್ನಷ್ಟು ದಿನ ನೋಡಿದ್ವಿ, ಅದರ ದಾರಿ ಇನ್ನೂ ಚೆನ್ನಾಗಿ ಗೊತ್ತಾಯ್ತು." ಟಾರ್ಚನ್ನು ಕೆಳಗಿಳಿಸಿದೆ. ಬೆಳಕು ಕಿರಿದಾಯ್ತು, ರಬ್ಬರು ಅದರ ಅಂಚಿಗೆ ಬಂತು, ಆದರೂ ಒಳಗೇ ಇತ್ತು. "ರಬ್ಬರು ಬೆಳೀತಾ?"

"ಇಲ್ಲ. ಬೆಳಕು ಚಿಕ್ಕದಾಯ್ತು."

"ಆದ್ರೆ ಬೆಳಕಲ್ಲಿ ರಬ್ಬರಿನ ಪಾಲು?"

"ಜಾಸ್ತಿ ಆಯ್ತು."

ಇನ್ನೂ ಇಳಿಸಿದೆ. ಬೆಳಕಿನ ಅಂಚು ರಬ್ಬರನ್ನು ದಾಟಿ ಒಳಕ್ಕೆ ಸರಿಯಿತು, ರಬ್ಬರು ಕತ್ತಲಲ್ಲಿ ಉಳಿಯಿತು. ಅವಳು "ಓ" ಅಂದಳು, ಅಷ್ಟೇ. ಆಮೇಲೆ ಟಾರ್ಚ್ ಕಿತ್ತುಕೊಂಡು ತಾನೇ ಮೂರು ಸಲ ಮಾಡಿದಳು. ನಿಜಕ್ಕೂ ಅದು ದುಂಡಗಿನ ಬೆಳಕಲ್ಲ, ಉದ್ದನೆಯ ಸಪೂರ ಪಟ್ಟಿ. ಅದನ್ನು ಇನ್ನೊಂದು ದಿನ ಹೇಳಿದರಾಯ್ತು.

ಅವರು ಹೊರಟ ಮೇಲೆ ನಾನು ಕಳಿಸಿದ್ದನ್ನೆಲ್ಲ ಹಿಂದಕ್ಕೆ ಸರಿಸುತ್ತಾ ಹೋದೆ. ಫೆಬ್ರವರಿ 19: ಮೊದಲ ಲಿಂಕೇ ಅದು, ಮೇಲೆ ನನ್ನ ಎರಡು ಸಾಲು. "ಈ ಗಾತ್ರದ ಕಲ್ಲಿಗೆ ಇದುವರೆಗೆ ಸಿಕ್ಕಿದ ಅತಿ ಹೆಚ್ಚಿನ ಸಾಧ್ಯತೆ. ತಪ್ಪದೇ ಓದಿ." ಫೆಬ್ರವರಿ 25: ಏಳನೆಯದು, ಕೊನೆಯದು. "2024 ವೈಆರ್4, ಹೊಸ ಲೆಕ್ಕ." ಬೇರೊಂದು ಮಾತಿಲ್ಲ. ಶೇ 0.004ಕ್ಕೆ ಇಳಿದಿದೆ, ಅಂದರೆ ಇಪ್ಪತ್ತೈದು ಸಾವಿರಕ್ಕೆ ಒಂದು, ಇನ್ನು ನಿಶ್ಚಿಂತೆಯಿಂದಿರಿ ಅಂತ ಹೇಳೋದಕ್ಕೆ ಒಂದು ಸಾಲೂ ನನಗೆ ಸಿಗಲಿಲ್ಲ. 2004ರ ಡಿಸೆಂಬರಿನಲ್ಲಿ ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹದ ವಿಷಯದಲ್ಲೂ ಹೀಗೇ ಆಗಿತ್ತು, ಶೇ 2.7ರ ತನಕ ಏರಿ ಆಮೇಲೆ ಇಳಿದಿತ್ತು. ಅದು ನನಗೆ ಗೊತ್ತಿತ್ತು. 19ರಂದೇ ಬರೆಯಬಹುದಿತ್ತು.

ಸುಳ್ಳು ಸುದ್ದಿ ಕಳಿಸಿಲ್ಲ. ಪ್ರತಿಯೊಂದೂ ನಿಜ. ಆದರೂ ಮನೆಯ ಮಗುವಿನ ಕೈಗೆ ಅರ್ಧ ಸುದ್ದಿ ಕೊಟ್ಟುಬಿಟ್ಟೆ.

ಇನ್ನೂ ಹಿಂದಕ್ಕೆ ಹೋದೆ. 2023ರ ಜುಲೈ, ಎಲ್‌ಕೆ-99. ಸಾಮಾನ್ಯ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್, ಅಂದರೆ ವಿದ್ಯುತ್ತಿಗೆ ಪ್ರತಿರೋಧವೇ ಇಲ್ಲದ ವಸ್ತು, ಸಿಕ್ಕಿತು ಅಂತ ಎಷ್ಟು ಸಂಭ್ರಮ ನನಗೆ! ಒಂದೇ ವಾರದಲ್ಲಿ ನಾಲ್ಕು ಲಿಂಕ್. ಆಗಸ್ಟಿನಲ್ಲಿ ಬೇರೆ ಬೇರೆ ಪ್ರಯೋಗಾಲಯಗಳು ಮಾಡಿ ನೋಡಿ, ಪ್ರತಿರೋಧ ಕುಸಿದದ್ದು ಅದರೊಳಗೆ ಸೇರಿಕೊಂಡಿದ್ದ ತಾಮ್ರದ ಸಲ್ಫೈಡಿನಿಂದ ಎಂದು ತೋರಿಸಿದವು. ಅದನ್ನು ನಾನು ಓದಿದ್ದೆ, ಕಳಿಸಿರಲಿಲ್ಲ. ಭಾವ ಈಗಲೂ ಅದು ಸಿಕ್ಕಿದೆ ಅಂತಲೇ ತಿಳಿದುಕೊಂಡಿರಬಹುದು. ನಾಳೆ ಫೋನ್ ಮಾಡಬೇಕು.

ಹಳೆಯ ಕೆಲವು ಲಿಂಕುಗಳು ತೆರೆಯಲೇ ಇಲ್ಲ. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದಲ್ಲಿ ಕಾಣೆಯಾಗಿವೆ ಎಂದು ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ ಕಳೆದ ವರ್ಷ ಲೆಕ್ಕ ಕೊಟ್ಟಿತ್ತು. ಪುಟ ಅಳಿಸಿಹೋದರೂ ಓದಿದವರ ತಲೆಯಲ್ಲಿ ತಲೆಬರಹ ಹಾಗೇ ಉಳಿದಿರುತ್ತದೆ.

ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಪುಟ್ಟಿ ಇನ್ನೊಂದು ಕೇಳಿದಳು. "ಚಂದ್ರನಿಗೆ ಬೀಳಲ್ಲ ತಾನೇ?" ಅದು ಶೇ 1.7 ಇದೆ. ಹಾಗೇ ಹೇಳಿದೆ, ಮುಚ್ಚಿಡಲಿಲ್ಲ. "ಹಾಗಾದ್ರೆ ಚಂದ್ರ ಇನ್ನೂ ಬೆಳಕಿನೊಳಗೇ ಇದೆ" ಅಂದಳು. ಹೌದು ಕಣೇ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಆ ಕಲ್ಲನ್ನು ನೋಡಲಿದೆ. ಆಗ ಏರಲೂಬಹುದು, ಏರಿದರೆ ಹೆದರಬೇಡ ಅಂದೆ.

ಈಗ ಮೊದಲನೇ ಜಾಗಕ್ಕೆ 2024 ವೈಆರ್4 ಹಾಕಿದ್ದೇನೆ. ಮೇಲಿನ ಸಾಲು ಇನ್ನೂ ಆಗಿಲ್ಲ. "ಭೂಮಿಗೆ ಬೀಳುವುದಿಲ್ಲ" ಅಂತ ಬರೆದರೆ ಪುಟ್ಟಿ ನೆಮ್ಮದಿಯಾಗಿ ಮಲಗುತ್ತಾಳೆ. "ಶೇ 0.004" ಅಂತ ಬರೆದರೆ ಲೆಕ್ಕಕ್ಕೆ ಸರಿ. ಎರಡನ್ನೂ ಬರೆದರೆ ಅವಳು ಆ ಸೊನ್ನೆಗಳ ಕೊನೆಯಲ್ಲಿರೋ ನಾಲ್ಕನ್ನೇ ಹಿಡಿದುಕೊಂಡು