ಉದ್ಯಮಬಾಗದ ಹುಡುಗ ಕೇಳಿಸಿದ ಹಾಡು

ಬೆಳಗಾವಿ ಶಹಾಪುರದ ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ತಿಂಗಳಿಗೊಂದು ರವಿವಾರ ನಾಲ್ಕೈದು ಮಂದಿ ಕೂಡಿ ಹಾಡು ಕೇಳುತ್ತೇವೆ. ಈ ಕೂಟಕ್ಕೆ ಹೆಸರಿಲ್ಲ, ವರ್ಗಣಿಯಿಲ್ಲ, ಅಧ್ಯಕ್ಷರಿಲ್ಲ. ಬಂದವರು ತಾವು ಮನಸಾರೆ ಮೆಚ್ಚಿದ ಒಂದು ಹಾಡು ತರಬೇಕು. ಅದು ಮುಗಿಯುವ ತನಕ ಉಳಿದವರು ಮಾತಾಡಬಾರದು, ಮೊಬೈಲ್ ಮುಟ್ಟಬಾರದು. ಮನಸ್ಸಿಗೆ ಹಿಡಿಸದಿದ್ದರೂ ಪೂರ್ತಿ ಕೇಳಬೇಕು. ಮುಗಿದ ಮೇಲೆ 'ಛಲೋ ಐತಿ' ಅಂದು ಸುಮ್ಮನಾಗುವಂತಿಲ್ಲ, ಹಾಡು ತಂದವರಿಗೆ ಏನಾದರೂ ಒಂದು ಪ್ರಶ್ನೆ ಕೇಳಲೇಬೇಕು.

ವಾಟ್ಸಾಪಿನಲ್ಲಿ ಲಿಂಕ್ ಕಳಿಸುವುದನ್ನು ಹಾಡು ಹಂಚಿಕೊಳ್ಳುವುದು ಅಂತ ನಾನು ಒಪ್ಪುವುದಿಲ್ಲ. ಕಳಿಸಿದ್ದನ್ನು ಅವರು ಕೇಳಿದರೋ, ಅರ್ಧಕ್ಕೇ ಬಿಟ್ಟರೋ ನಮಗೆ ಗೊತ್ತಾಗುವುದಿಲ್ಲ. ಎದುರಿಗೆ ಕೂಡಿಸಿಕೊಂಡು ಕೇಳಿಸಿದಾಗ ನೂರು ಸಲ ಕೇಳಿದ ಹಾಡೂ ಬೇರೆಯಾಗಿಬಿಡುತ್ತದೆ. ಎಲ್ಲಿ ಅವರ ಕಾಲು ತಾಳ ಹಿಡಿಯಿತು, ಎಲ್ಲಿ ಹುಬ್ಬು ಗಂಟಾಯಿತು, ಎಲ್ಲಿ ಬೇಸರ ಬಂತು ಎಂಬುದೆಲ್ಲ ಕಾಣುತ್ತಿರುತ್ತದೆ. ಅವರ ಕಿವಿಯಿಂದಲೇ ನಾವೂ ಕೇಳತೊಡಗುತ್ತೇವೆ.

ನಾನು ಹೇಳಹೊರಟಿರುವುದು ಕಳೆದ ಮಳೆಗಾಲದ ಒಂದು ರವಿವಾರದ ಮಾತು. ಬೆಳಗಾವಿಯ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಒಮ್ಮೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಪಕ್ಕದ ಮನೆಯ ಪತ್ರಾಸಿನ ಮೇಲೆ ಅದು ಬೀಳುವ ಸದ್ದಿಗೆ ಎಂಥ ಹಾಡೂ ಸೋಲಬೇಕು, ಕಿಟಕಿ ಹಾಕಿಕೊಂಡೇ ಕೂತಿದ್ದೆವು. ಹಿಂದೂಸ್ತಾನಿ ಸಂಗೀತದ ಜೈಪುರ-ಅತ್ರೌಲಿ ಘರಾಣೆ ಬಿಟ್ಟು ಬೇರೆ ಹಾಡುವ ಶೈಲಿಗೆ ಸುಲಭಕ್ಕೆ ತಲೆದೂಗದ, ಅಂಚೆ ಕಚೇರಿಯಿಂದ ನಿವೃತ್ತರಾದ ಕಾಕಾ, ವಡಗಾವಿಯಲ್ಲಿ ಮಗ್ಗ ನಡೆಸುವ, ಗೀಗೀ ಮೇಳದಲ್ಲಿ ಹಾಡುವ ಅಣ್ಣ, ವಿಜಯಪುರದಿಂದ ವರ್ಗವಾಗಿ ಬಂದ ಉರ್ದು ಶಾಲೆಯ ಶಿಕ್ಷಕಿ ಆಪಾ, ನಾನು. ಅವತ್ತು ಹೊಸದಾಗಿ ಬಂದವನು ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಷಿನ್ ನಡೆಸುವ ಹುಡುಗ. ನಮ್ಮ ಓಣಿಯಲ್ಲೇ ಬಾಡಿಗೆಗಿದ್ದಾನೆ. ಸಂಜೆ ಹೊತ್ತು ಅವನ ಖೋಲಿಯಿಂದ ಗಿಟಾರು ಕೇಳುತ್ತಿತ್ತು, ನಾನೇ ಕರೆದಿದ್ದೆ.

ಮೊದಲು ಆಪಾ ಅಮೀರಬಾಯಿ ಕರ್ನಾಟಕಿಯ ಹಾಡು ಹಾಕಿದರು. 'ನಮ್ಮ ಬೀಳಗಿ ಹೆಣ್ಮಗಳು' ಅನ್ನುವಾಗ ಅವರ ಮುಖ ನೋಡಬೇಕಿತ್ತು. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ, ಅಮೀರಬಾಯಿಯ ಕಾಲಕ್ಕೆ ಬಿಜಾಪುರ ಜಿಲ್ಲೆಯಲ್ಲಿತ್ತು. ಅಲ್ಲಿಂದ ಮುಂಬೈ ಸೇರಿದ ಆಕೆ 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿದಳು. ಆ ಚಿತ್ರ ಕೋಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಹಳೆಯ ಧ್ವನಿಮುದ್ರಿಕೆಯ ಕರಕರ ಸದ್ದಿನ ನಡುವೆಯೂ ಆಕೆಯ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ. ಊರಲ್ಲಿ ನಾಟಕ ಕಂಪನಿಯ ಗಾಳಿಯಲ್ಲಿ ಬೆಳೆದವರಿಗೆ ಮಾತ್ರ ಬರುವ ಉಚ್ಚಾರ ಅದು ಎಂದು ಕಾಕಾ ಹೇಳಿದ್ದು ಸರಿ ಅನಿಸಿತು.

ಆಮೇಲೆ ಹುಡುಗನ ಸರದಿ. ಸ್ಪೀಕರಿಗೆ ವಾಯರ್ ಚುಚ್ಚುವಾಗ ಕೈ ನಡುಗುತ್ತಿತ್ತು ಪಾಪ. 'ಇದ ಸ್ವಲ್ಪ ಗದ್ಲ ಅನಸಬಹುದರಿ. ಬ್ಯಾಡಂದ್ರ ಬಂದ್ ಮಾಡ್ತೀನಿ' ಅಂದ. 'ಬಂದ್ ಮಾಡಂಗಿಲ್ಲ, ಹಚ್ಚು ತಮ್ಮಾ' ಅಂದೆ. ಅದು ಬ್ಲ್ಯಾಕ್ ಸಬ್ಬತ್ ಎಂಬ ಇಂಗ್ಲಿಷ್ ತಂಡ 1970ರ ಫೆಬ್ರವರಿಯಲ್ಲಿ ಹೊರತಂದ ಮೊದಲ ಆಲ್ಬಮಿನ ಮೊದಲ ಹಾಡು. ತಂಡದ ಹೆಸರೇ ಹಾಡಿಗೂ ಇದೆ. ಹೆವಿ ಮೆಟಲ್ ಎಂದು ಕರೆಯುವ ಸಂಗೀತ ಇಲ್ಲಿಂದಲೇ ಶುರುವಾಯಿತು ಎಂದು ಬಹಳ ಮಂದಿ ಎಣಿಸುತ್ತಾರೆ.

ಹಾಡು ಶುರುವಾಗುವುದೇ ಮಳೆಯಿಂದ. ಮಳೆ, ಗುಡುಗು, ದೂರದಲ್ಲೊಂದು ಚರ್ಚಿನ ಗಂಟೆ. ಹೊರಗಿನ ಮಳೆ ಯಾವುದು, ಸ್ಪೀಕರಿನ ಮಳೆ ಯಾವುದು ತಿಳಿಯದೆ ಅಣ್ಣ ಕಿಟಕಿಯ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಗಿಟಾರು ಬಂತು. ಬರೀ ಮೂರು ಸ್ವರ. ಒಂದು ಕೆಳಗಿನದು, ಒಂದು ಮೇಲಿನದು, ಮತ್ತೆ ನಡುವೆ ಎಲ್ಲೋ ಒಂದು. ನಿಧಾನಕ್ಕೆ, ಭಾರವಾಗಿ. ಮತ್ತೆ ಅದೇ ಮೂರು. ಆಪಾ ಸೆರಗು ಹೊದ್ದುಕೊಂಡರು. ಹಾಡುವವನ ದನಿ ಅಂಜಿದವನ ದನಿಯಂತೆಯೇ ಇತ್ತು. ಹಾಡು ಕೊನೆಗೆ ಒಮ್ಮೆಲೇ ಓಟ ಹಿಡಿದಾಗ ಅಣ್ಣನ ಕೈ ತೊಡೆಯ ಮೇಲೆ ಬಡಿಯತೊಡಗಿತು. 'ಇದರ ಗತ್ತು ನಮ್ಮ ಮಗ್ಗದ ಗತ್ತಿನಂಗ ಐತೆಲ್ಲೊ' ಅಂತ ಮುಗಿದ ಮೇಲೆ ಹೇಳಿದ.

ಕಾಕಾ ಏನನ್ನುತ್ತಾರೋ ಎಂಬ ದಿಗಿಲು ನನಗಿತ್ತು. ಅವರು ಕಣ್ಣು ಮುಚ್ಚಿ, ತೋರುಬೆರಳು ಎತ್ತಿ ಹಿಡಿದು, ತಮ್ಮಷ್ಟಕ್ಕೆ ಆ ಮೂರು ಸ್ವರಗಳನ್ನು ಗುನುಗುತ್ತಿದ್ದರು. 'ಸಾ... ಮ್ಯಾಲಿನ ಸಾ...' ಅಂದು ತಡೆದರು. ಮತ್ತೊಮ್ಮೆ ಗುನುಗಿ, 'ತಮ್ಮಾ, ಆ ಮೂರನೇದು ತೀವ್ರ ಮಧ್ಯಮ ಅಲ್ಲೇನೋ?' ಎಂದು ಕೇಳಿದರು.

ತೀವ್ರ ಮಧ್ಯಮ ಅಂದರೆ ಸಾದಾ 'ಮ'ಕ್ಕಿಂತ ತುಸು ಮೇಲಿನ 'ಮ', ಹುಡುಗನಿಗೆ ಅದು ಗೊತ್ತಿರಲಿಲ್ಲ. ಗಿಟಾರು ತರಲು ಓಡಿದ, ನೆನೆದುಕೊಂಡೇ ಬಂದ. ಅವನು ಬಾರಿಸಿದಂತೆ ಕಾಕಾ ಸ್ವರ ಹೇಳುತ್ತ ಹೋದರು. ಹೌದು, ಷಡ್ಜ, ತಾರ ಷಡ್ಜ, ತೀವ್ರ ಮಧ್ಯಮ. ಯುರೋಪಿನ ಹಳೆಯ ಸಂಗೀತಶಾಸ್ತ್ರದಲ್ಲಿ ಷಡ್ಜಕ್ಕೂ ತೀವ್ರ ಮಧ್ಯಮಕ್ಕೂ ನಡುವಿನ ಅಂತರವನ್ನು 'ಸಂಗೀತದೊಳಗಿನ ಸೈತಾನ' ಎನ್ನುತ್ತಿದ್ದರಂತೆ, ಅದಕ್ಕೇ ಹಾಡು ಹೆದರಿಸುವುದು ಎಂದು ಹುಡುಗ ವಿವರಿಸಿದ. ಕಾಕಾ ಬೆರಗಾದರು.

'ಸೈತಾನ? ಅಲ್ಲೋ, ನಮ್ಮಲ್ಲಿ ಅದು ದೀಪಾ ಹಚ್ಚೋ ಹೊತ್ತಿನ ಸ್ವರಾ!'

ಹಿಂದೂಸ್ತಾನಿ ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ರಾಗಗಳ ಸಮಯ ಹೇಳುವಾಗ ಮಧ್ಯಮವನ್ನೇ ಗುರುತಾಗಿ ಇಟ್ಟುಕೊಂಡರು. ತೋಡಿಯಂಥ ಅಪವಾದಗಳನ್ನು ಬಿಟ್ಟರೆ ಮುಂಜಾನೆಗೆ ಶುದ್ಧ ಮಧ್ಯಮ, ಹೊತ್ತು ಇಳಿಯುತ್ತ ಬಂದಂತೆ ತೀವ್ರ ಮಧ್ಯಮ. ಯಮನ್, ಪೂರಿಯಾ, ಮಾರವಾ ಎಲ್ಲದರಲ್ಲೂ ಅದಿದೆ. 'ಮಾರವಾದಾಗ ಪಂಚಮಾನೇ ಇಲ್ಲ. ಅದಕ್ಕ ತೀವ್ರ ಮಧ್ಯಮಕ್ಕ ನಿಲ್ಲಲಿಕ್ಕೆ ಆಸರಾ ಇಲ್ಲ. ಷಡ್ಜಾನೂ ಲಗೂ ಕೊಡೂದಿಲ್ಲ. ಕೇಳೋರಿಗೆ ಒಂದ ನಮೂನಿ ಕಳವಳಾ ಆಗ್ತದ. ನಿನ್ನ ಮಂದಿ ಆ ಕಳವಳಾನ ಹಿಡಕೊಂಡಾರ, ಅಷ್ಟ' ಎಂದರು ಕಾಕಾ. ಒಂದೇ ಸ್ವರಕ್ಕೆ ಒಂದು ಕಡೆ ಸೈತಾನನ ಹೆಸರು, ಇನ್ನೊಂದು ಕಡೆ ಸಂಜೆಯ ಹೊತ್ತು. ಆದರೆ ಎರಡೂ ಕಡೆ ಅದು ಕೇಳುವವರನ್ನು ನೆಮ್ಮದಿಯಿಂದ ಕೂರಗೊಡುವುದಿಲ್ಲ ಎಂಬುದನ್ನು ಇಬ್ಬರೂ ಒಪ್ಪಿದರು.

ಪ್ರಶ್ನೆ ಕೇಳುವ ಸರದಿ ನನ್ನದು. 'ಇಷ್ಟೆಲ್ಲ ಹಾಡು ಬಿಟ್ಟು ಇದನ್ನ ಯಾಕ ತಂದಿ?' ಅಂದೆ. ಹುಡುಗ ಸ್ವಲ್ಪ ಹೊತ್ತು ಗಿಟಾರಿನ ಕಿವಿ ತಿರುವುತ್ತ ಕೂತ. ಆಮೇಲೆ ಹೇಳಿದ.

ಆ ಗಿಟಾರು ಬಾರಿಸಿದವನು ಟೋನಿ ಐಯೋಮಿ. ಬರ್ಮಿಂಗ್‌ಹ್ಯಾಮಿನ ತಗಡು ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಹದಿನೇಳರ ವಯಸ್ಸು. ಕೆಲಸ ಬಿಟ್ಟು ತಂಡದ ಜೊತೆ ಹೊರಡುವವನಿದ್ದ, ಅವತ್ತೇ ಕಡೆಯ ದಿನ. ಮಷಿನ್ನಿಗೆ ಬಲಗೈ ಸಿಕ್ಕು ನಡುಬೆರಳು ಮತ್ತು ಉಂಗುರಬೆರಳಿನ ತುದಿ ಹೋದವು. ಎಡಚನಾದ ಅವನು ತಂತಿ ಒತ್ತುತ್ತಿದ್ದದ್ದು ಆ ಕೈಯಿಂದಲೇ. ಇನ್ನು ಬಾರಿಸುವುದು ಮುಗಿಯಿತು ಎಂದು ಕೈಚೆಲ್ಲಿ ಕೂತಿದ್ದಾಗ ಕಾರ್ಖಾನೆಯ ಮೇಲಧಿಕಾರಿ ಮನೆಗೆ ಬಂದು ಒಂದು ಗ್ರಾಮಫೋನ್ ತಟ್ಟೆ ಕೇಳಿಸಿದ. ಅದು ಜಾಂಗೋ ರೈನ್‌ಹಾರ್ಟ್ ಎಂಬ ಜ್ಯಾಜ್ ಗಿಟಾರುಗಾರನದು. ಕೇಳಿಸಿ ಆದಮೇಲೆ ಹೇಳಿದ್ದು: ಈತ ಬಾರಿಸುವುದು ಎರಡೇ ಬೆರಳಿನಿಂದ. 1928ರಲ್ಲಿ ಇವನಿದ್ದ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸುಟ್ಟು ಸೆಟೆದುಹೋಗಿವೆ.

ಐಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಅದರ ಮೇಲೆ ಚಕ್ಕಳ ಅಂಟಿಸಿದ. ದಪ್ಪ ತಂತಿ ನೋವು ಕೊಡುತ್ತದೆಂದು ತೆಳ್ಳಗಿನವನ್ನು ಹಾಕಿದ. ಮೂರನೆಯ ಆಲ್ಬಮಿನ ಹೊತ್ತಿಗೆ ತಂತಿಗಳ ಶ್ರುತಿಯನ್ನೇ ಮೂರು ಸ್ವರಸ್ಥಾನ ಇಳಿಸಿದ. ಬಿಗಿ ಕಡಿಮೆಯಾಯಿತು, ನಾದ ಇನ್ನೂ ಆಳಕ್ಕೆ ಹೋಯಿತು. ಮುಂದೆ ಬಂದ ಎಷ್ಟೋ ಮೆಟಲ್ ತಂಡಗಳು ಎಲ್ಲ ಬೆರಳೂ ನೆಟ್ಟಗಿದ್ದರೂ ಹಾಗೆಯೇ ಶ್ರುತಿ ಇಳಿಸಿ ಬಾರಿಸಿದವು.

'ನಾನೂ ದಿನಾ ಪ್ರೆಸ್ ಮುಂದ ನಿಂದರತೀನ್ರಿ ಅಕ್ಕಾರ. ಪ್ರತಿ ಸಲ ಕೈ ಒಳಗ ಹಾಕಿ ತಗಿಯುವಾಗ ಆ ಮನಶ್ಯಾ ನೆನಪ ಆಗ್ತಾನ' ಎಂದ ಹುಡುಗ. ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿದ. ಎಣ್ಣೆ ಕಪ್ಪು ಉಗುರಿನ ಸಂದಿಯಲ್ಲಿ ಕೂತಿತ್ತು, ಎಡಗೈ ಬೆರಳುಗಳ ತುದಿಯಲ್ಲಿ ತಂತಿ ಒತ್ತಿ ಒತ್ತಿ ಆದ ಜಡ್ಡು. ಹತ್ತೂ ಬೆರಳು ಸರಿಯಾಗಿದ್ದವು. ಆಪಾ 'ಅಲ್ಲಾ ಕಾಪಾಡಲಿ' ಎಂದು ಅವನ ಕೈಗಳನ್ನು ಮಡಚಿಟ್ಟರು.

ನನಗೆ ಈ ಕತೆಯಲ್ಲಿ ಮನಸ್ಸು ತಟ್ಟಿದ್ದು ಐಯೋಮಿಯ ಛಲಕ್ಕಿಂತ ಆ ಮೇಲಧಿಕಾರಿ ಹೊತ್ತುತಂದ ತಟ್ಟೆ. ಯಾವ ಹಾಡನ್ನು ಯಾರಿಗೆ ಯಾವಾಗ ಕೇಳಿಸಬೇಕೆಂದು ಅವನಿಗೆ ಹೊಳೆದಿತ್ತಲ್ಲ! ರಾಕ್ ಬಾರಿಸುವ ಹುಡುಗನಿಗೆ ಜ್ಯಾಜ್ ಕೇಳಿಸಿದ. ಸಮಾಧಾನದ ಮಾತು ಹೇಳುವ ಮೊದಲು ಹಾಡು ಹಾಕಿದ, ಬೆರಳಿನ ಸಂಗತಿ ಆಮೇಲೆ ಹೇಳಿದ. ಈ ಕ್ರಮ ತಿರುಗಾಮುರುಗಾ ಆಗಿದ್ದರೆ ಅದು ಬರೀ ಉಪದೇಶವಾಗುತ್ತಿತ್ತು.

ನಾನು ಅವತ್ತು ತಂದದ್ದು ಕುಮಾರ ಗಂಧರ್ವರು ಹಾಡಿದ ಕಬೀರರ ನಿರ್ಗುಣ ಭಜನೆ. ನಮ್ಮ ಬೆಳಗಾವಿ ತಾಲೂಕಿನ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರೇ ಈ ಕುಮಾರ ಗಂಧರ್ವ. ಎಳೆಯ ವಯಸ್ಸಿನಲ್ಲೇ ದೊಡ್ಡ ದೊಡ್ಡ ಗವಾಯಿಗಳ ತಟ್ಟೆ ಕೇಳಿ ಅವರಂತೆಯೇ ಹಾಡಿ ತೋರಿಸುತ್ತಿದ್ದ ಹುಡುಗ. ಕಾಕಾಗೆ ಕುಮಾರರು ಅಷ್ಟಾಗಿ ಸೇರರೆಂದು ನನಗೆ ಗೊತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರ ಹಾಗೆ ಒಂದೇ ಉಸಿರಿನಲ್ಲಿ ಸುತ್ತಿ ಸುತ್ತಿ ಬರುವ ತಾನುಗಳಿಗೆ ಅವರ ಕಿವಿ ಒಗ್ಗಿದೆ. 'ಕುಮಾರ ಕಡದ ಕಡದ ಒಗೀತಾನ' ಎಂಬುದು ಅವರ ಹಳೆಯ ತಕರಾರು.

ಭಜನೆ ಹಾಕಿದೆ. ತಂಬೂರಿ ತುಂಬಿಕೊಂಡಿತು. ದನಿ ಮೆಲ್ಲಗೆ ಬಂತು, ಥಟ್ಟನೆ ಮೇಲಕ್ಕೆ ಹಾರಿತು, ಅಲ್ಲೇ ನಿಂತುಬಿಟ್ಟಿತು. ಆ ನಿಲುಗಡೆಯಲ್ಲಿ ತಂಬೂರಿ ಮಾತ್ರ. ಮತ್ತೆ ಎಲ್ಲಿಂದಲೋ ಒಂದು ಸಣ್ಣ ತುಣುಕು. ಹುಡುಗ ಬಾಯಿ ತೆರೆದುಕೊಂಡು ಕೂತಿದ್ದ. ಮುಗಿದ ಮೇಲೆ ಅವನು ಕೇಳಿದ ಪ್ರಶ್ನೆ: 'ಇವರು ನಡಬರಕ ಯಾಕ ಹಿಂಗ ನಿಲ್ಲತಾರ್ರಿ?'

ಉತ್ತರ ಕೊಟ್ಟವರು ಕಾಕಾ. ಸ್ವಾತಂತ್ರ್ಯ ಬಂದ ಹೊತ್ತಿಗೆ ಕುಮಾರರಿಗೆ ಕ್ಷಯ ಹತ್ತಿದ್ದು, 1948ರಲ್ಲಿ ಹವೆ ಒಳ್ಳೆಯದೆಂದು ಮಧ್ಯಪ್ರದೇಶದ ದೇವಾಸಕ್ಕೆ ಹೋದದ್ದು, ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದದ್ದು, ಹಾಡಕೂಡದೆಂದು ವೈದ್ಯರು ಅಂದದ್ದು. ಆಗ ತಾನೇ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಜೀವ ಉಳಿಸಿತು, ಒಂದು ಪುಪ್ಪುಸ ಮಾತ್ರ ಕೆಲಸಕ್ಕೆ ಬಾರದಾಯಿತು. ಮಲಗಿದಲ್ಲೇ ಕಿವಿಗೆ ಬೀಳುತ್ತಿದ್ದ ಮಾಳ್ವಾದ ಹೆಣ್ಣುಮಕ್ಕಳ ಹಾಡು, ನಾಥಪಂಥದ ಜೋಗಿಗಳ ಭಜನೆ ಮುಂದೆ ಅವರ ಗಾಯನದೊಳಕ್ಕೆ ಬಂದವು. ಇದೆಲ್ಲ ಕಾಕಾಗೆ ಮೊದಲೂ ತಿಳಿದಿದ್ದೇ. ಆದರೆ ಅವತ್ತು ಹೇಳುತ್ತ ಹೇಳುತ್ತ ಅವರ ದನಿ ಬೇರೆಯಾಯಿತು. 'ಇಷ್ಟ ದಿವಸ ಕಡದ ಒಗೀತಾನ ಅಂತಿದ್ದೆ. ಈ ಹುಡುಗನ ಮಾತು ಕೇಳಿದ ಮ್ಯಾಲೆ... ಇದ್ದಷ್ಟ ಉಸರಿನ್ಯಾಗ ಪೂರಾ ರಾಗಾ ತುಂಬ್ಯಾನವ್ವಾ. ಇನ್ನೊಮ್ಮೆ ಹಚ್ಚು, ನಡುವಿನಿಂದ' ಎಂದರು.

ಹಚ್ಚಿದೆ. ಆದರೂ ಎಲ್ಲವನ್ನೂ ಆ ಒಂದು ಪುಪ್ಪುಸದ ಲೆಕ್ಕಕ್ಕೆ ಬರೆದುಬಿಡುವುದನ್ನು ನಾನು ಒಪ್ಪಲಾರೆ, ಅದನ್ನು ಅವರಿಗೂ ಹೇಳಿದೆ. ಕುಮಾರರು ಮುಂಬೈಯಲ್ಲಿ ಪ್ರೊ. ಬಿ. ಆರ್. ದೇವಧರರ ಶಾಲೆಯಲ್ಲಿ ಬೆಳೆದವರು. ಅಲ್ಲಿ ಒಂದೇ ಘರಾಣೆಯ ಬೇಲಿ ಇರಲಿಲ್ಲ, ಯಾವ ಕಡೆಯ ಗವಾಯಿಯೂ ಬಂದು ಹಾಡಬಹುದಿತ್ತು. ಬಗೆಬಗೆಯದನ್ನು ಕೇಳಿದ ಕಿವಿ ಮೊದಲೇ ಇತ್ತು, ಕಾಯಿಲೆ ಬಂದದ್ದು ಆಮೇಲೆ. ಕಾಕಾ ಇದಕ್ಕೆ ಪೂರ್ತಿ ಒಪ್ಪಲಿಲ್ಲ. ವಾದ ಮಿರ್ಚಿ ಗಿರ್ಮಿಟ್ಟು ತೀರುವ ತನಕ ನಡೆಯಿತು.

ಅಣ್ಣನ ಸರದಿ ಬಂದಾಗ ಅವನು ಸ್ಪೀಕರು ಬಂದ್ ಮಾಡಿಸಿದ. ಚೀಲದಿಂದ ದಪ್ಪು ತೆಗೆದು ಬೆಂಕಿ ಶೇಕಕ್ಕೆ ಹಿಡಿದು ಬಿಗಿ ಮಾಡಿಕೊಂಡ, ಮಳೆಗಾಲದ ತಂಪಿಗೆ ಚರ್ಮ ಸಡಿಲಾಗಿತ್ತು. ಒಂದೇ ತಂತಿಯ ತುಂತುಣಿಯನ್ನು ನನ್ನ ಕೈಗೆ ಕೊಟ್ಟು 'ಸುಮ್ಮ ಮೀಟಕೋತ ಇರ್ರಿ' ಅಂದ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿ ಎತ್ತಿಕೊಂಡ. ಪಲ್ಲವಿಗೆ 'ಗೀಯ ಗೀಯ' ಎಂದು ದನಿ ಕೂಡಿಸಲು ಕಾಕಾ, ಆಪಾ ಇಬ್ಬರೂ ತಯಾರಾದರು. ರಾಯಣ್ಣನನ್ನು ಹಿಡಿದುಕೊಟ್ಟ ಜಾಗಕ್ಕೆ ಬಂದಾಗ ಅಣ್ಣನ ಕೊರಳ ನರ ಉಬ್ಬಿತ್ತು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ನಡೆಯುವ ಹರದೇಶಿ ನಾಗೇಶಿ ವಾದದಲ್ಲಿ ಎದುರಿನ ಮೇಳವನ್ನು ಮೀರಿ ಕೇಳಬೇಕಾದ ಕೊರಳು ಅದು, ಖೋಲಿಗೆ ಹೆಚ್ಚೇ ಆಯಿತು.

ಹುಡುಗ ಗಿಟಾರು ಎತ್ತಿಕೊಂಡು ದಪ್ಪಿನ ಜೊತೆ ಕೂಡಿಸಲು ನೋಡಿದ. ಕೂಡಲಿಲ್ಲ. ಲಾವಣಿಯಲ್ಲಿ ಪದ ಉದ್ದವಾದರೆ ತಾಳವೂ ಅದರ ಹಿಂದೆ ಜಗ್ಗುತ್ತದೆ, ಗಿಟಾರು ಅಷ್ಟರಲ್ಲಿ ಮುಂದೆ ಹೋಗಿಬಿಟ್ಟಿರುತ್ತಿತ್ತು. ನನಗೇನೂ ಬೇಜಾರಾಗಲಿಲ್ಲ. ಎಲ್ಲವನ್ನೂ ಕಲಸಿ ಒಂದು ಮಾಡುವ ಆಸೆ ನನಗಿಲ್ಲ. ಹುಡುಗ ಗಿಟಾರು ಬದಿಗಿಟ್ಟು ತುಂತುಣಿಯನ್ನು ಇಸಿದುಕೊಂಡ, 'ಒಂದ ತಂತಿ ಮ್ಯಾಲೆ ಇಷ್ಟೆಲ್ಲಾ ಹೆಂಗ ನಿಲ್ಲತೈತ್ರಿ ಅಣ್ಣಾ?' ಎಂದು ಬುಡದ ಚರ್ಮವನ್ನು ತಟ್ಟಿ ತಟ್ಟಿ ನೋಡಿದ. ಅಣ್ಣ ತಂತಿ ಬಿಗಿಯುವುದನ್ನು ತೋರಿಸಿಕೊಟ್ಟ.

ಮುಂದಿನ ತಿಂಗಳು ವಡಗಾವಿಯಲ್ಲಿ, ಅಣ್ಣನ ಮನೆಯಲ್ಲಿ, ಮಗ್ಗ ನಿಂತ ಮೇಲೆ, ಸರಿಯಾಗಿ ಹೊತ್ತು ಮುಳುಗುವಾಗ ಕೂಡುವುದೆಂದು ಕಾಕಾ ತಾವೇ ನಿಶ್ಚಯ ಮಾಡಿದರು. ಹುಡುಗನಿಗೆ ಮಾರವಾ ಕೇಳಿಸಬೇಕು, ಅದೂ ಇಂದೂರಿನ ಉಸ್ತಾದ್ ಅಮೀರ್ ಖಾನರದು. ಜೈಪುರ ಘರಾಣೆಯ ಕಾಕಾ ಇಂದೂರಿನ ಹೆಸರು ತೆಗೆದದ್ದಕ್ಕೆ ಆಪಾ ನನ್ನ ಮುಖ ನೋಡಿದರು. 'ಅದರ ತಾಳ ಯಾವದರಿ ಕಾಕಾ?' ಎಂದು ಹುಡುಗ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದ. 'ಝೂಮ್ರಾ. ಹದಿನಾಕ ಮಾತ್ರಾ. ಮೂರು, ನಾಕು, ಮೂರು, ನಾಕು' ಎಂದು ಕಾಕಾ ಬೆರಳು ಮಡಚಿ ಎಣಿಸಿ ತೋರಿಸಿದರು. 'ಆದ್ರ ಅವರು ಎಷ್ಟ ನಿಧಾನ ಹಾಡತಾರಂದ್ರ, ಒಂದ ಮಾತ್ರಾದಿಂದ ಇನ್ನೊಂದಕ್ಕ ಹೋಗೂದ್ರಾಗ ನಿನ್ನ ಮಷಿನ್ ಹತ್ತ ಸಲ ಬಡೀತದ.'

'ಹಂಗಾದ್ರ ಈಗಿಂದನ ಎಣಸಾಕ ಕಲಸ್ರಿ' ಎಂದು ಹುಡುಗ ಅವರ ಕೊಡೆ ಬಿಚ್ಚಿ ಹಿಡಿದ. ಓಣಿಯ ತಿರುವಿನ ತನಕ ಇಬ್ಬರೂ ಎಣಿಸುತ್ತಲೇ ಹೋದರು.