ಸಾಲಿನ ಕೊನೆಯಲ್ಲಿ ಉಳಿದುಬಿಟ್ಟ ಒಂದು ಬೈಟ್

ಕೆಲವು ವರ್ಷಗಳ ಹಿಂದೆ ನಮ್ಮ ತಂಡ ನೋಡಿಕೊಳ್ಳುತ್ತಿದ್ದ ದಾಸ್ತಾನು ವ್ಯವಸ್ಥೆಗೆ ಪ್ರತಿ ರಾತ್ರಿ ಹಲವು ಗೋದಾಮುಗಳಿಂದ ಟೆಕ್ಸ್ಟ್ ಫೈಲುಗಳು ಬರುತ್ತಿದ್ದವು. ಪ್ರತಿ ಸಾಲಿನಲ್ಲೂ ಸರಕಿನ ಕೋಡ್, ಪ್ರಮಾಣ, ಕೊನೆಯಲ್ಲಿ ಅಳತೆಯ ಮಾನ ಇರುತ್ತಿದ್ದವು. ಲಿನಕ್ಸ್ ಸರ್ವರಿನಲ್ಲಿದ್ದ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಅವನ್ನು ಓದುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಒಂದೇ ಫೈಲಿನ ಕೆಲವು ಸಾಲುಗಳು ಸ್ವೀಕಾರಗೊಂಡು, ಉಳಿದವು ‘ಕೆಜಿ’ ಎಂಬ ಮಾನವೇ ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕೆ ತಿರಸ್ಕೃತವಾಗಿದ್ದವು. ಪಟ್ಟಿಯಲ್ಲಿ ‘ಕೆಜಿ’ ಇತ್ತು, ಸಾಲಿನಲ್ಲೂ ಅದೇ ಇತ್ತು.

ಸುಳಿವು ಸಿಕ್ಕಿದ್ದು ಲಾಗಿನಲ್ಲಿ, ಅಂದರೆ ಪ್ರೋಗ್ರಾಂ ತನ್ನ ಕೆಲಸದ ಬಗ್ಗೆ ಬರೆದಿಡುವ ದಾಖಲೆಯಲ್ಲಿ. ಮಾನದ ಹೆಸರಿನ ನಂತರ ಬರಬೇಕಿದ್ದ ಉದ್ಧರಣ ಚಿಹ್ನೆ ಟರ್ಮಿನಲ್‌ನಲ್ಲಿ ಸಾಲಿನ ಮೊದಲ ಅಕ್ಷರದ ಜಾಗಕ್ಕೆ ಹೋಗಿ ಕುಳಿತಿತ್ತು. ಅದರ ಮುಂದಿನ ಪದಗಳು ಸಾಲಿನ ಆರಂಭದ ಪದಗಳನ್ನು ಅಳಿಸಿ ಅವುಗಳ ಮೇಲೆಯೇ ಮೂಡಿದ್ದವು. ಬೈಟುಗಳನ್ನು ಸಂಖ್ಯೆಗಳಾಗಿ ತೋರಿಸುವ ‘ಓಡಿ’ (od) ಕಮ್ಯಾಂಡಿನಿಂದ ಫೈಲನ್ನು ಬೈಟ್ ಬೈಟಾಗಿ ತೆರೆದಾಗ ಕೆಲವು ಸಾಲುಗಳು 10 ಎಂಬ ಬೈಟಿನಿಂದ ಮಾತ್ರ, ಉಳಿದವು 13 ಮತ್ತು 10 ಎಂಬ ಜೋಡಿಯಿಂದ ಮುಗಿಯುತ್ತಿದ್ದುದು ಕಾಣಿಸಿತು. ವಿಂಡೋಸ್ ಯಂತ್ರದಲ್ಲಿ ತಯಾರಾದ ಸಾಲುಗಳನ್ನು ಯಾರೋ ಲಿನಕ್ಸಿನ ಫೈಲಿಗೆ ಜೋಡಿಸಿದ್ದರು.

13 ಎಂದರೆ ಕ್ಯಾರೇಜ್ ರಿಟರ್ನ್, 10 ಎಂದರೆ ಲೈನ್ ಫೀಡ್. ಸಂದೇಶಗಳನ್ನು ಕಾಗದದ ಮೇಲೆ ಅಚ್ಚೊತ್ತುತ್ತಿದ್ದ ಹಳೆಯ ಟೆಲಿಟೈಪ್ ಯಂತ್ರಗಳಲ್ಲಿ ಅಚ್ಚಿನ ತಲೆಯನ್ನು ಎಡ ಅಂಚಿಗೆ ತರುವುದು ಒಂದು ಕೆಲಸ, ಕಾಗದವನ್ನು ಒಂದು ಸಾಲು ಮೇಲೆ ಸರಿಸುವುದು ಇನ್ನೊಂದು. ಡಾಸ್ ಮತ್ತು ವಿಂಡೋಸ್ ಎರಡನ್ನೂ ಉಳಿಸಿಕೊಂಡವು, ಯುನಿಕ್ಸ್ ಲೈನ್ ಫೀಡ್ ಒಂದನ್ನೇ ಇಟ್ಟುಕೊಂಡಿತು, ಹಳೆಯ ಮ್ಯಾಕ್ ಕ್ಯಾರೇಜ್ ರಿಟರ್ನ್ ಒಂದನ್ನೇ ಬಳಸಿತು. ಲಿನಕ್ಸಿನಲ್ಲಿ ಸಿ ಪ್ಲಸ್ ಪ್ಲಸ್‌ನಲ್ಲಿ ಒಂದೊಂದೇ ಸಾಲನ್ನು ಓದಿಕೊಡುವ ಗೆಟ್‌ಲೈನ್ 10ರಲ್ಲಿ ಮಾತ್ರ ಕತ್ತರಿಸುವುದರಿಂದ 13 ನಮ್ಮ ಕೊನೆಯ ಕಾಲಮ್ಮಿಗೆ ಅಂಟಿಕೊಂಡೇ ಬರುತ್ತಿತ್ತು. ಲಾಗಿನಲ್ಲಿ ಉದ್ಧರಣ ಚಿಹ್ನೆಯನ್ನು ಸಾಲಿನ ಮೊದಲಿಗೆ ಎಳೆದೊಯ್ದದ್ದೂ ಅದೇ.

ಮಾನವನ್ನು ಹುಡುಕುವ ಜಾಗದಲ್ಲಿಯೇ ಆ ಬೈಟನ್ನು ಕಿತ್ತುಹಾಕಿ ನಾನು ಕೆಲಸ ಮುಗಿಯಿತೆಂದುಕೊಂಡೆ. ಅದು ತಪ್ಪು ನಿರ್ಧಾರವಾಗಿತ್ತು, ಏಕೆಂದರೆ ಮರುವಾರ ಅದೇ ಫೈಲನ್ನು ಓದುವ ವರದಿಯ ಪ್ರೋಗ್ರಾಂ ಅದೇ ಕಾರಣಕ್ಕೆ ನಿಂತಿತು. ಫೈಲು ಒಳಬರುವ ಬಾಗಿಲಲ್ಲಿಯೇ ಸಾಲಿನ ಮೂರೂ ಬಗೆಯ ಅಂತ್ಯಗಳನ್ನು ಒಂದೇ ರೂಪಕ್ಕೆ ತರಬೇಕು, ಒಳಗಿನ ಯಾವ ಕೋಡಿಗೂ 13 ಎಂಬುದು ಕಾಣಿಸಲೇಬಾರದು ಎಂದು ತೀರ್ಮಾನಿಸಿ, ಎಲ್ಲ ಪ್ರೋಗ್ರಾಂಗಳೂ ಬಳಸುವ ಒಂದೇ ರೀಡರನ್ನು, ಅಂದರೆ ಫೈಲು ಓದುವ ಕೋಡನ್ನು, ಬರೆದೆ.

ಅದರಲ್ಲೂ ಒಂದು ಸೂಕ್ಷ್ಮವಿತ್ತು. ರೀಡರ್ ಒಮ್ಮೆಗೆ 4096 ಬೈಟ್ ಓದುತ್ತಿತ್ತು. 13 ಒಂದು ತುಂಡಿನ ಕೊನೆಯ ಬೈಟಾಗಿ, ಅದರ ಜೊತೆಗಾರ 10 ಮುಂದಿನ ತುಂಡಿನ ಮೊದಲ ಬೈಟಾಗಿ ಬಿದ್ದಾಗ, ಎರಡನ್ನೂ ಬೇರೆ ಬೇರೆ ಅಂತ್ಯಗಳೆಂದು ಎಣಿಸಿ ನಡುವೆ ಖಾಲಿ ಸಾಲೊಂದನ್ನು ಹುಟ್ಟಿಸುತ್ತಿತ್ತು. ಹಿಂದಿನ ತುಂಡು 13ರಲ್ಲಿ ಮುಗಿದಿತ್ತೇ ಎಂಬುದನ್ನು ನೆನಪಿಟ್ಟು, ಮುಂದಿನದು 10ರಿಂದ ಶುರುವಾದರೆ ಅದನ್ನು ಬಿಟ್ಟುಬಿಡುವಂತೆ ಮಾಡಿದ ಮೇಲೆ ಅದು ಸರಿಹೋಯಿತು. ಪೈಥಾನಿನಲ್ಲಿ ಫೈಲು ತೆರೆಯುವ ‘ಓಪನ್’ ಟೆಕ್ಸ್ಟ್ ಮೋಡಿನಲ್ಲಿ ಈ ಕೆಲಸವನ್ನು ತಾನಾಗಿಯೇ ಮಾಡುತ್ತದೆ, ಜಾವಾದಲ್ಲಿ ಸಾಲು ಓದುವ ‘ರೀಡ್‌ಲೈನ್’ ಸಹ ಮೂರು ಅಂತ್ಯಗಳನ್ನೂ ಗುರುತಿಸುತ್ತದೆ. ಸಾಧ್ಯವಿದ್ದಲ್ಲಿ ಅವನ್ನೇ ಬಳಸುವುದು ಒಳ್ಳೆಯದು. ಆದರೆ ಉದ್ಧರಣ ಚಿಹ್ನೆಗಳೊಳಗೆ ಸಾಲು ಮುರಿಯಬಹುದಾದ ಸಿಎಸ್‌ವಿ ಫೈಲುಗಳನ್ನು (ಕಾಲಮ್ಮುಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಫೈಲುಗಳನ್ನು) ಸಾಲು ಸಾಲಾಗಿ ಕತ್ತರಿಸದೆ, ಅವನ್ನು ಬಿಡಿಸಿ ಓದಲೆಂದೇ ಇರುವ ಸಿಎಸ್‌ವಿ ಪಾರ್ಸರಿಗೇ ಒಪ್ಪಿಸಬೇಕು.

ಕೊನೆಗೆ ಮೂರೂ ಅಂತ್ಯಗಳು ಬೆರೆತ ಪರೀಕ್ಷಾ ಫೈಲೊಂದನ್ನು ಸೇರಿಸಿದೆ. ಪರೀಕ್ಷೆ ಪಾಸಾಯಿತು, ರೀಡರಿನ ಹೊಸ ಕೋಡನ್ನು ತೆಗೆದಾಗಲೂ ಪಾಸಾಯಿತು. ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್, ನನ್ನ ಯಂತ್ರದಲ್ಲಿ ಹಾಗೆ ಹೊಂದಿಸಿದ್ದರಿಂದ, ಫೈಲನ್ನು ಕಮಿಟ್ ಮಾಡುವಾಗಲೇ, ಅಂದರೆ ದಾಖಲಿಸಿಕೊಳ್ಳುವಾಗಲೇ, 13-10ರ ಜೋಡಿಗಳನ್ನು 10 ಆಗಿ ಬದಲಿಸಿಬಿಟ್ಟಿತ್ತು, ಮತ್ತು ಹಳೆಯ ಮ್ಯಾಕ್ ಮಾದರಿಯ ಸಾಲನ್ನು ನಾನು ಪರಿಶೀಲಿಸಲು ಮರೆತಿದ್ದೆ. ಈಗ ಆ ಪರೀಕ್ಷೆಗೆ ಫೈಲೇ ಇಲ್ಲ. ಬೇಕಾದ ಬೈಟುಗಳನ್ನು ಪರೀಕ್ಷೆಯ ಕೋಡಿನಲ್ಲಿಯೇ ಒಂದೊಂದಾಗಿ ಬರೆದಿದ್ದೇನೆ, ಮತ್ತು ಅವುಗಳಲ್ಲಿ ಒಂದು 13 ಸರಿಯಾಗಿ 4096ನೆಯ ಸ್ಥಾನದಲ್ಲಿದೆ.